ಪರದೇಶದಲ್ಲಿ ಜೊತೆಗಿರುವವರ ಆರೋಗ್ಯ ಕೈಕೊಟ್ಟಾಗ: ಯಾವುದು ಮೊದಲು, ಯಾವುದು ಆಮೇಲೆ

ಬೆಂಗಳೂರಿನಿಂದ ಓದಲು ಹೋದವರ ರೂಮಿನಲ್ಲಿ ಯಾರಾದರೂ ಕುಸಿದುಬಿದ್ದರೆ ಸಾಮಾನ್ಯವಾಗಿ ನಡೆಯುವುದು ಹೀಗೆ: ಮೊದಲು ಕನ್ನಡದವರ ವಾಟ್ಸ್‌ಆ್ಯಪ್ ಗ್ರೂಪಿಗೆ ಮೆಸೇಜು, ಆಮೇಲೆ ಮನೆಗೆ ಫೋನು, ಆಮೇಲೆ ಜಯನಗರದಲ್ಲೋ ವಿಜಯನಗರದಲ್ಲೋ ಇರುವ ಪರಿಚಯದ ಡಾಕ್ಟರಿಗೆ ವಿಡಿಯೊ ಕಾಲು. ಆ ಊರಿನ ತುರ್ತು ಸಂಖ್ಯೆ ನೆನಪಾಗುವುದು ಇಷ್ಟೆಲ್ಲ ಆದ ಮೇಲೆ. ಇದು ದಡ್ಡತನದಿಂದ ಆಗುವುದಲ್ಲ. ಆಂಬುಲೆನ್ಸ್ ಬಿಲ್ಲಿನ ಹೆದರಿಕೆ, ವೀಸಾಗೆ ತೊಂದರೆಯಾದೀತೆಂಬ ಅಳುಕು, ‘ಸುಮ್ಮನೆ ದೊಡ್ಡದು ಮಾಡಿದ ಹಾಗಾಗುತ್ತೆ’ ಎಂಬ ಸಂಕೋಚ, ಮೂರೂ ಸೇರಿ ಕೈ ಕಟ್ಟಿಹಾಕುತ್ತವೆ.

ಈ ಬರಹದಲ್ಲಿ ಮುಖ್ಯವಾದದ್ದು ಹಂತಗಳ ಕ್ರಮ. ಯಾವುದೋ ಒಂದು ಹಂತ ಬಿಟ್ಟುಹೋದರೆ ಮರುದಿನ ಸರಿಮಾಡಿಕೊಳ್ಳಬಹುದು. ಹಿಂದುಮುಂದಾದರೆ ಕೆಲವು ಸಲ ಸರಿಮಾಡುವುದಕ್ಕೆ ಆಗುವುದಿಲ್ಲ. ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ: ನೀವು ಅಲ್ಲಿ ಡಾಕ್ಟರೂ ಅಲ್ಲ, ಅಪ್ಪ ಅಮ್ಮನೂ ಅಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವುದು, ಹೇಳಿದ್ದನ್ನು ಬರೆದಿಡುವುದು, ಸರಿಯಾದವರಿಗೆ ಮುಟ್ಟಿಸುವುದು ನಿಮ್ಮ ಕೆಲಸ.

## ಮೊದಲೇ ಸಿದ್ಧ ಇರಬೇಕಾದದ್ದು

ರೂಮಿಗೆ ಸೇರಿದ ವಾರದಲ್ಲೇ ಒಂದು ಸಂಜೆ ಕೂತು ಮಾಡಿ ಮುಗಿಸಬೇಕಾದ ಕೆಲಸ ಇದು. ಪ್ರತಿಯೊಬ್ಬರಿಗೂ ಒಂದೊಂದು ಹಾಳೆ. ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ, ಫೋಟೊ ತೆಗೆದು ಎಲ್ಲರೂ ಇಟ್ಟುಕೊಳ್ಳಿ. ಅದರಲ್ಲಿ ಇರಬೇಕಾದದ್ದು:

- ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಪೂರ್ತಿ ಹೆಸರು, ಹುಟ್ಟಿದ ದಿನ
- ಮನೆಯ ವಿಳಾಸ, ಮಹಡಿ, ಪಿನ್‌ಕೋಡ್, ಕಾಲಿಂಗ್ ಬೆಲ್ ಮೇಲೆ ಇರುವ ಹೆಸರು
- ಅಲರ್ಜಿ, ಹಳೆಯ ಕಾಯಿಲೆ, ದಿನಾ ತೆಗೆದುಕೊಳ್ಳುವ ಔಷಧಿ
- ವಿಮಾ ಕಾರ್ಡಿನ ಎರಡೂ ಬದಿಯ ಫೋಟೊ, ವಿಮೆಯವರ 24 ಗಂಟೆಯ ಸಂಖ್ಯೆ
- ಬೆಂಗಳೂರಿನ ಇಬ್ಬರ ಫೋನ್ ನಂಬರು

ಹೆಸರಿನ ವಿಚಾರದಲ್ಲಿ ನಮ್ಮವರಿಗೆ ಒಂದು ವಿಶೇಷ ತೊಡಕಿದೆ. ಎರಡು ವರ್ಷ ಜೊತೆಗಿದ್ದವರನ್ನೂ ‘ಮಂಜ’, ‘ಪಮ್ಮಿ’ ಎಂದೇ ಕರೆದಿರುತ್ತೇವೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಊರಿನ ಹೆಸರೋ ಅಪ್ಪನ ಹೆಸರೋ ಸರ್‌ನೇಮ್ ಆಗಿ ಕೂತಿರುತ್ತದೆ. ಆಸ್ಪತ್ರೆಯವರು ಹುಡುಕುವುದು ಆ ಹೆಸರಿನಲ್ಲಿ. ವಿಮೆಯಲ್ಲಿ ಒಂದು ಹೆಸರು, ಆಸ್ಪತ್ರೆಯಲ್ಲಿ ಇನ್ನೊಂದು ದಾಖಲಾದರೆ ಆಮೇಲೆ ಕ್ಲೇಮ್ ತಿಂಗಳುಗಟ್ಟಲೆ ಎಳೆದಾಡುತ್ತದೆ.

ಬೆಂಗಳೂರಿನ ಇಬ್ಬರಲ್ಲಿ ಒಬ್ಬರು ತಂದೆ ತಾಯಿ ಆಗಿರದಿದ್ದರೆ ಒಳ್ಳೆಯದು. ಚಿಕ್ಕಪ್ಪ, ಸೋದರಮಾವ, ದೊಡ್ಡ ಅಕ್ಕ, ಹೀಗೆ ಗಾಬರಿಯಾಗದೆ ಇಂಗ್ಲಿಷಿನಲ್ಲಿ ಮಾತಾಡಬಲ್ಲ, ರಾತ್ರಿ ಫೋನ್ ಎತ್ತುವ ಒಬ್ಬರು.

ಮೊಬೈಲಿನಲ್ಲಿ ಲಾಕ್ ತೆಗೆಯದೆ ಕಾಣುವ ‘ಮೆಡಿಕಲ್ ಐಡಿ’ ಅಥವಾ ‘ಎಮರ್ಜೆನ್ಸಿ ಇನ್ಫರ್ಮೇಶನ್’ ತುಂಬಿಸಿ. ಐದು ನಿಮಿಷದ ಕೆಲಸ, ಆದರೂ ಮುಂದಕ್ಕೆ ಹಾಕುತ್ತಲೇ ಇರುತ್ತೇವೆ. ಜೊತೆಗೆ, ತನಗೆ ಪ್ರಜ್ಞೆ ಇಲ್ಲದಾಗ ಚಿಕಿತ್ಸೆಯ ಬಗ್ಗೆ ಯಾರು ನಿರ್ಧರಿಸಬೇಕೆಂದು ಬರೆದುಕೊಡುವ ಅಧಿಕಾರ ಪತ್ರ ಬಹುತೇಕ ದೇಶಗಳಲ್ಲಿದೆ. ಅಮೆರಿಕದಲ್ಲಿ ‘ಹೆಲ್ತ್ ಕೇರ್ ಪ್ರಾಕ್ಸಿ’, ಜರ್ಮನಿಯಲ್ಲಿ ‘ಫೋರ್‌ಜೋರ್ಗೆಫೋಲ್‌ಮಾಖ್ಟ್’. ನಮೂನೆಯನ್ನು ಯೂನಿವರ್ಸಿಟಿಯ ಹೆಲ್ತ್ ಸೆಂಟರಿನಲ್ಲಿ ವಿಚಾರಿಸಿ. ಇದಿಲ್ಲದಿದ್ದರೆ ಕಾನೂನಿನ ಕಣ್ಣಿನಲ್ಲಿ ನೀವು ಬರೀ ಪರಿಚಯದವರು.

ಇನ್ನು ಸಂಖ್ಯೆಗಳು. ಅಮೆರಿಕ, ಕೆನಡಾ 911. ಬ್ರಿಟನ್ 999. ಜರ್ಮನಿ, ಫ್ರಾನ್ಸ್, ಐರ್ಲೆಂಡ್ ಸೇರಿ ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲಿ 112. ಆಸ್ಟ್ರೇಲಿಯ 000, ಸಿಂಗಪುರದಲ್ಲಿ ಆಂಬುಲೆನ್ಸಿಗೆ 995, ಜಪಾನ್ 119. ಜೀವಕ್ಕೆ ಅಪಾಯವಿಲ್ಲ, ಆದರೆ ಬೆಳಗಿನವರೆಗೆ ಕಾಯುವಂತೆಯೂ ಇಲ್ಲ ಎನ್ನುವಾಗ ಕೇಳಲು ಬೇರೆ ಸಂಖ್ಯೆಗಳಿವೆ: ಬ್ರಿಟನ್ನಿನಲ್ಲಿ 111, ಜರ್ಮನಿಯಲ್ಲಿ 116117, ಆಸ್ಟ್ರೇಲಿಯದಲ್ಲಿ 1800 022 222. ನ್ಯೂಜಿಲೆಂಡಿನಲ್ಲಿ ಅದೇ 111 ಜೀವಾಪಾಯದ ಸಂಖ್ಯೆ, ಹಾಗಾಗಿ ಬ್ರಿಟನ್ನಿನಲ್ಲಿರುವ ಅಣ್ಣ ಹೇಳಿದ್ದನ್ನು ಅಲ್ಲಿ ನಂಬಬೇಡಿ.

## ಹಂತ 1: ಇದು ತುರ್ತೋ ಅಲ್ಲವೋ, ಒಂದು ನಿಮಿಷದಲ್ಲಿ ತೀರ್ಮಾನಿಸಿ

ಕೆಳಗಿನ ಯಾವುದಾದರೂ ಒಂದು ಕಂಡರೆ ಯಾರನ್ನೂ ಕೇಳಬೇಡಿ, ನೇರ ಕರೆ ಮಾಡಿ.

- ಕರೆದರೂ, ಭುಜ ಅಲುಗಾಡಿಸಿದರೂ ಎಚ್ಚರವಾಗುತ್ತಿಲ್ಲ
- ಉಸಿರಾಡಲು ಒದ್ದಾಡುತ್ತಿದ್ದಾರೆ, ಒಂದು ವಾಕ್ಯ ಪೂರ್ತಿ ಹೇಳಲಾಗುತ್ತಿಲ್ಲ
- ಎದೆ ಹಿಂಡಿದಂಥ ನೋವು, ತೋಳಿಗೋ ದವಡೆಗೋ ಹರಡುತ್ತಿದೆ, ಬೆವರು
- ಮುಖ ಒಂದು ಕಡೆಗೆ ಜೋತಿದೆ, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ
- ಮೊದಲ ಸಲ ಫಿಟ್ಸ್ ಬಂದಿದೆ, ಅಥವಾ ಐದು ನಿಮಿಷವಾದರೂ ನಿಂತಿಲ್ಲ
- ತುಟಿ, ನಾಲಿಗೆ ಊದಿಕೊಂಡು ಮೈಮೇಲೆ ದದ್ದು
- ತಲೆಗೆ ಪೆಟ್ಟಾದ ಮೇಲೆ ಮತ್ತೆ ಮತ್ತೆ ವಾಂತಿ, ಮಂಪರು
- ಜ್ವರದ ಜೊತೆ ಕುತ್ತಿಗೆ ಬಿಗಿತ, ಬೆಳಕು ನೋಡಲಾಗದು, ಗಾಜಿನ ಲೋಟ ಒತ್ತಿದರೂ ಮಾಸದ ಚುಕ್ಕೆಗಳು

ಅಲ್ಲಿನ ಕರಪತ್ರಗಳಲ್ಲಿ ‘ಚರ್ಮ ನೀಲಿಯಾಗುತ್ತದೆ’, ‘ಚುಕ್ಕೆ ಕಾಣುತ್ತದೆ’ ಎಂದಿರುತ್ತದೆ. ನಮ್ಮ ಮೈಬಣ್ಣದಲ್ಲಿ ಅದು ಸುಲಭಕ್ಕೆ ಕಾಣುವುದಿಲ್ಲ. ತುಟಿಯ ಒಳಭಾಗ, ನಾಲಿಗೆ, ಉಗುರು, ಅಂಗೈ, ಅಂಗಾಲು, ರೆಪ್ಪೆಯ ಒಳಭಾಗ ನೋಡಿ.

ಅತಿ ಸಾಮಾನ್ಯವಾದ ತಪ್ಪು ಒಂದೇ ಪದದಲ್ಲಿದೆ: ‘ಗ್ಯಾಸ್ಟ್ರಿಕ್’. ಎದೆನೋವಿಗೂ ಗ್ಯಾಸ್ಟ್ರಿಕ್, ಹೊಟ್ಟೆನೋವಿಗೂ ಗ್ಯಾಸ್ಟ್ರಿಕ್. ಜೀರಿಗೆ ನೀರು ಕುಡಿಸಿ, ಈನೊ ಕೊಟ್ಟು ರಾತ್ರಿ ಕಳೆಯುತ್ತಾರೆ. ಹೊಕ್ಕುಳ ಸುತ್ತ ಶುರುವಾದ ನೋವು ಕೆಲವು ಗಂಟೆಗಳಲ್ಲಿ ಬಲ ಕೆಳಹೊಟ್ಟೆಗೆ ಇಳಿದು, ನಡೆದರೆ ಕೆಮ್ಮಿದರೆ ಹೆಚ್ಚಾಗುತ್ತಿದ್ದರೆ ಅದು ಅಪೆಂಡಿಕ್ಸ್ ಇರಬಹುದು. ಅದಕ್ಕೆ ಜೀರಿಗೆಯಲ್ಲಿ ಔಷಧ ಇಲ್ಲ.

ಚಳಿಗಾಲದಲ್ಲಿ ಇನ್ನೊಂದನ್ನು ನೋಡಿಕೊಳ್ಳಿ. ಒಂದೇ ಮನೆಯ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಅದು ಊಟದ ದೋಷ ಎಂದುಕೊಳ್ಳುವ ಮುನ್ನ ಕಾರ್ಬನ್ ಮಾನಾಕ್ಸೈಡ್ ನೆನಪಿಸಿಕೊಳ್ಳಿ. ಹಳೆಯ ಗ್ಯಾಸ್ ಹೀಟರಿನಿಂದ, ಮನೆಯೊಳಗೆ ತಂದ ಇದ್ದಿಲು ಒಲೆಯಿಂದ ಬರುವ ಈ ಅನಿಲಕ್ಕೆ ವಾಸನೆಯಿಲ್ಲ. ಎಲ್ಲರೂ ಮೊದಲು ಹೊರಗೆ ಬನ್ನಿ, ಕರೆ ಹೊರಗಿನಿಂದ ಮಾಡಿ.

## ಹಂತ 2: ಕರೆ, ಮತ್ತು ಹೇಳಬೇಕಾದ ನಾಲ್ಕು ಮಾತು

ಮೊದಲು ಎಲ್ಲಿದ್ದೀರಿ ಎಂದು ಹೇಳಿ. ಕರೆ ತುಂಡಾದರೂ ಗಾಡಿ ಬರಬೇಕಲ್ಲ. ಆಮೇಲೆ ಏನಾಯಿತು, ವಯಸ್ಸೆಷ್ಟು, ಪ್ರಜ್ಞೆ ಮತ್ತು ಉಸಿರು ಇದೆಯೇ. ಫೋನ್ ಸ್ಪೀಕರಿಗೆ ಹಾಕಿ ನೆಲದ ಮೇಲಿಡಿ, ಎರಡೂ ಕೈ ಖಾಲಿ ಇರಲಿ.

ಅವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾರೆ. ‘ಇಷ್ಟೆಲ್ಲ ಕೇಳೋ ಬದಲು ಗಾಡಿ ಕಳಿಸಿ’ ಎಂದು ರೇಗುವವರಿದ್ದಾರೆ. ಪ್ರಶ್ನೆ ನಡೆಯುತ್ತಿರುವಾಗಲೇ ಸಾಮಾನ್ಯವಾಗಿ ಗಾಡಿ ಹೊರಟಿರುತ್ತದೆ. ಅವರು ‘ಇಡಿ’ ಅನ್ನುವವರೆಗೆ ನೀವು ಫೋನ್ ಇಡಬೇಡಿ.

‘ಉಬರ್ ಮಾಡಿಕೊಂಡು ಹೋಗೋಣ, ಆಂಬುಲೆನ್ಸ್ ಬಿಲ್ ಉಳಿಯುತ್ತೆ’ ಎಂಬ ಲೆಕ್ಕ ಅಮೆರಿಕದಲ್ಲಿ ಮಾತ್ರ ಸ್ವಲ್ಪ ಅರ್ಥವಾಗುವಂಥದ್ದು, ಅಲ್ಲಿ ಆಂಬುಲೆನ್ಸ್ ಬಿಲ್ಲು ಸಾವಿರ ಡಾಲರ್ ದಾಟುವುದು ಅಪರೂಪವಲ್ಲ. ಕಾಲು ಉಳುಕಿದ್ದಕ್ಕೆ, ಬೆರಳು ಕುಯ್ದದ್ದಕ್ಕೆ ಟ್ಯಾಕ್ಸಿ ಸಾಕು. ಮೇಲಿನ ಪಟ್ಟಿಯಲ್ಲಿರುವ ಯಾವುದಕ್ಕೂ ಟ್ಯಾಕ್ಸಿ ಬೇಡ. ದಾರಿಯಲ್ಲಿ ಉಸಿರು ನಿಂತರೆ ಟ್ಯಾಕ್ಸಿಯಲ್ಲಿ ಮಾಡಲು ಏನೂ ಇರುವುದಿಲ್ಲ. ಬ್ರಿಟನ್ನಿನಲ್ಲಂತೂ ಆಂಬುಲೆನ್ಸಿಗೂ ಎಮರ್ಜೆನ್ಸಿ ವಿಭಾಗದ ಚಿಕಿತ್ಸೆಗೂ ಹಣ ಕೇಳುವುದಿಲ್ಲ.

ಪಾರ್ಟಿಯಲ್ಲಿ ಕುಡಿದು ಬಿದ್ದವರ ವಿಷಯದಲ್ಲಿ ಪೊಲೀಸರ ಹೆದರಿಕೆಗೆ ಕರೆ ತಡವಾಗುತ್ತದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ, ಯೂನಿವರ್ಸಿಟಿಗಳಲ್ಲಿ ಸಹಾಯಕ್ಕೆ ಕರೆ ಮಾಡಿದವರಿಗೆ ರಕ್ಷಣೆ ಕೊಡುವ ನಿಯಮಗಳಿವೆ. ‘ಮಲಗಲಿ ಬಿಡು, ಬೆಳಿಗ್ಗೆ ಇಳಿದಿರುತ್ತೆ’ ಎಂದು ಅಂಗಾತ ಮಲಗಿಸಿ ಬಂದರೆ ವಾಂತಿ ಶ್ವಾಸನಾಳಕ್ಕೆ ಹೋಗಿ ಪ್ರಾಣಕ್ಕೇ ಸಂಚಕಾರ.

## ಹಂತ 3: ಗಾಡಿ ಬರುವವರೆಗೆ

ಪ್ರಜ್ಞೆ ಇಲ್ಲ, ಉಸಿರು ಸರಿಯಾಗಿದೆ ಎಂದರೆ ಪಕ್ಕಕ್ಕೆ ಹೊರಳಿಸಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿರಲಿ. ಬಿದ್ದು ಕುತ್ತಿಗೆಗೆ ಪೆಟ್ಟಾಗಿರುವ ಅನುಮಾನವಿದ್ದರೆ ಫೋನಿನಲ್ಲಿರುವವರು ಹೇಳುವವರೆಗೆ ಅಲುಗಾಡಿಸಬೇಡಿ.

ಉಸಿರಿಲ್ಲ, ಅಥವಾ ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಎಳೆಯುತ್ತಿದ್ದಾರೆ ಎಂದರೆ ಎದೆ ಒತ್ತಲು ಶುರುಮಾಡಿ. ಎದೆಯ ನಡುವೆ ಅಂಗೈ ಇಟ್ಟು, ಮೇಲೆ ಇನ್ನೊಂದು ಕೈ ಜೋಡಿಸಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಒಬ್ಬರು ಒತ್ತುತ್ತಿರಲಿ, ಇನ್ನೊಬ್ಬರು ಹಾಸ್ಟೆಲ್ ರಿಸೆಪ್ಷನ್ನಿನಲ್ಲೋ ಜಿಮ್ಮಿನಲ್ಲೋ ಗೋಡೆಗೆ ಹಾಕಿರುವ ಎಇಡಿ ಪೆಟ್ಟಿಗೆ (ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ) ತರಲಿ. ಆನ್ ಮಾಡಿದರೆ ಅದೇ ಮಾತಾಡಿ ಹೇಳಿಕೊಡುತ್ತದೆ.

ಫಿಟ್ಸ್ ಬಂದವರಿಗೆ ಕೈಗೆ ಕಬ್ಬಿಣದ ಕೀ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ಇಡುವುದು, ಕೈಕಾಲು ಅದುಮಿ ಹಿಡಿಯುವುದು ಯಾವುದೂ ಬೇಡ. ಸುತ್ತಲಿನ ಕುರ್ಚಿ ಮೇಜು ಸರಿಸಿ, ತಲೆ ಕೆಳಗೆ ಜಾಕೆಟ್ ಇಡಿ, ಗಡಿಯಾರ ನೋಡಿ. ಎಷ್ಟು ನಿಮಿಷ ಬಂತು ಎನ್ನುವುದು ಡಾಕ್ಟರಿಗೆ ಬೇಕು. ಸಾಧ್ಯವಾದರೆ ಅರ್ಧ ನಿಮಿಷ ವಿಡಿಯೊ ಮಾಡಿ, ಡಾಕ್ಟರಿಗೆ ತೋರಿಸಲು ಮಾತ್ರ.

ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಸಕ್ಕರೆ, ಮಾತ್ರೆ ಏನನ್ನೂ ಹಾಕಬೇಡಿ. ಸಕ್ಕರೆ ಕಾಯಿಲೆ ಇರುವವರು ಬೆವರಿ ನಡುಗುತ್ತಿದ್ದು ನುಂಗಬಲ್ಲವರಾಗಿದ್ದರೆ ಮಾತ್ರ ಜ್ಯೂಸ್ ಕೊಡಿ. ನೋವಿಗೆಂದು ನಿಮ್ಮ ಡಬ್ಬದಿಂದ ಮಾತ್ರೆ ತೆಗೆಯಬೇಡಿ.

ಲಕ್ವದ ಲಕ್ಷಣ ಕಂಡರೆ ಒಂದೇ ಒಂದು ಮಾಹಿತಿ ಬಂಗಾರ: ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಆ ಲೆಕ್ಕ ನೀವು ಹೇಳಿದ ಸಮಯದಿಂದ ಶುರುವಾಗುತ್ತದೆ. ಊಹಿಸಿ ಹೇಳಬೇಡಿ, ಕೊನೆಯ ಮೆಸೇಜ್ ಕಳಿಸಿದ ಹೊತ್ತನ್ನು ಫೋನಿನಲ್ಲಿ ನೋಡಿ ಹೇಳಿ.

ಇನ್ನೊಬ್ಬರನ್ನು ಬೀದಿಯ ಬಾಗಿಲಿಗೆ ಕಳಿಸಿ. ಜರ್ಮನಿಯಂಥ ಕಡೆ ಫ್ಲ್ಯಾಟ್ ನಂಬರ್ ಇರುವುದಿಲ್ಲ, ಬೆಲ್ ಮೇಲಿನ ಹೆಸರೇ ಗುರುತು. ಅಲ್ಲಿ ಹಳೆಯ ಬಾಡಿಗೆದಾರರ ಹೆಸರೇ ಉಳಿದಿದ್ದರೆ ಗಾಡಿಯವರು ಕೆಳಗೇ ಹುಡುಕುತ್ತಾ ನಿಲ್ಲುತ್ತಾರೆ.

## ಹಂತ 4: ಜೊತೆಗೆ ಒಯ್ಯಬೇಕಾದದ್ದು

ಪಾಸ್‌ಪೋರ್ಟ್ ಅಥವಾ ರೆಸಿಡೆನ್ಸ್ ಕಾರ್ಡ್, ವಿಮಾ ಕಾರ್ಡ್, ಅವರ ಫೋನು ಮತ್ತು ಚಾರ್ಜರು, ಕನ್ನಡಕ, ಮನೆ ಕೀಲಿ, ಬೆಚ್ಚನೆಯ ಬಟ್ಟೆ. ಮುಖ್ಯವಾಗಿ, ಅವರ ಔಷಧಿಗಳೆಲ್ಲವನ್ನೂ ಒಂದು ಕವರಿನಲ್ಲಿ ತುಂಬಿ. ಖಾಲಿ ಸ್ಟ್ರಿಪ್ ಸಹಿತ.

‘ಡೋಲೊ ತಗೊಂಡಿದ್ದ’ ಎಂದರೆ ಅಲ್ಲಿ ಯಾರಿಗೂ ಏನೂ ಹೊಳೆಯುವುದಿಲ್ಲ. ಡೋಲೊ 650 ಎಂದರೆ 650 ಮಿಲಿಗ್ರಾಂ ಪ್ಯಾರಾಸಿಟಮಾಲ್. ಅದನ್ನೇ ಅಮೆರಿಕದಲ್ಲಿ ಅಸಿಟಮಿನೋಫೆನ್ ಅನ್ನುತ್ತಾರೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಇವೆ. ಮೆಫ್ಟಾಲ್ ಸ್ಪಾಸ್‌ನಲ್ಲಿ ಮೆಫೆನಾಮಿಕ್ ಆ್ಯಸಿಡ್ ಮತ್ತು ಡೈಸೈಕ್ಲೊಮಿನ್. ಬ್ರ್ಯಾಂಡ್ ಹೆಸರು ಬಿಟ್ಟು ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿರುವುದನ್ನು ಓದಿ ಹೇಳಿ.

ಇಲ್ಲೇ ಒಂದು ಅಪಾಯ ಅಡಗಿದೆ. ಊರಿಂದ ತಂದ ಡೋಲೊ, ಜೊತೆಗೆ ಅಲ್ಲಿನ ಅಂಗಡಿಯ ಟೈಲೆನಾಲ್, ಮೇಲೆ ನೆಗಡಿಗೆಂದು ಒಂದು ಪುಡಿ: ಮೂರರಲ್ಲೂ ಪ್ಯಾರಾಸಿಟಮಾಲೇ ಇರಬಹುದು. ದೊಡ್ಡವರಿಗೆ ದಿನಕ್ಕೆ 4,000 ಮಿಲಿಗ್ರಾಂ ಮಿತಿ, ಡೋಲೊ ಆರು ಮಾತ್ರೆಗೇ 3,900 ಆಗುತ್ತದೆ. ಮಿತಿ ಮೀರಿದವರು ಮೊದಲ ದಿನ ಚೆನ್ನಾಗಿಯೇ ಇರುತ್ತಾರೆ, ಯಕೃತ್ತಿಗೆ ಪೆಟ್ಟು ಬಿದ್ದದ್ದು ಆಮೇಲೆ ಗೊತ್ತಾಗುತ್ತದೆ. ಪ್ರತಿವಿಷ ಚೆನ್ನಾಗಿ ಕೆಲಸ ಮಾಡುವುದು ಎಂಟು ಗಂಟೆಯೊಳಗೆ ಕೊಟ್ಟರೆ. ಬೇಕೆಂದೇ ನುಂಗಿದ್ದರೂ ತಿಳಿಯದೆ ನುಂಗಿದ್ದರೂ ‘ಈಗ ಚೆನ್ನಾಗಿದಾನೆ’ ಎಂದು ಕಾಯಬೇಡಿ. ಆಯುರ್ವೇದ, ನಾಟಿ ಔಷಧ, ಜಿಮ್ ಪುಡಿ ಇವನ್ನೂ ಮರೆಮಾಚದೆ ಹೇಳಿ.

## ಹಂತ 5: ಎಮರ್ಜೆನ್ಸಿ ವಿಭಾಗದಲ್ಲಿ

ಸರದಿ ರೋಗಿಯ ಸ್ಥಿತಿಯ ಗಂಭೀರತೆಯ ಮೇಲೆ ಹೋಗುತ್ತದೆ, ಬಂದ ಸಮಯದ ಮೇಲಲ್ಲ. ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಕೌಂಟರಿನಲ್ಲಿ ಮುಂಗಡ ಕಟ್ಟಿದರೆ ಒಳಗೆ ಕರೆಯುವ ರೂಢಿಗೆ ಹೊಂದಿಕೊಂಡವರಿಗೆ ಗಂಟೆಗಟ್ಟಲೆ ಕಾಯುವುದು ನಿರ್ಲಕ್ಷ್ಯದಂತೆ ಕಾಣುತ್ತದೆ. ಕಾಯಿರಿ, ಆದರೆ ಕಾಯುವಾಗ ಸ್ಥಿತಿ ಬದಲಾದರೆ ತಕ್ಷಣ ನರ್ಸಿಗೆ ಹೇಳಿ: ‘ಬಂದಾಗ ನೋವು ಹತ್ತಕ್ಕೆ ಐದಿತ್ತು, ಈಗ ಒಂಬತ್ತು’. ನಮ್ಮವರು ನೋವು ಕೇಳಿದಾಗ ಸಂಕೋಚಕ್ಕೆ ಕಡಿಮೆ ಹೇಳುತ್ತಾರೆ. ಅಂಕಿ ಕೇಳಿದರೆ ನಿಜವಾದ ಅಂಕಿ ಹೇಳಿಸಿ.

ಯಾರೂ ಕೇಳದಿದ್ದರೂ ನೀವಾಗಿ ಹೇಳಬೇಕಾದ ಮಾತೊಂದಿದೆ: ಭಾರತದಿಂದ ಬಂದು ಎಷ್ಟು ದಿನವಾಯಿತು. ಬಹಳ ಕಡೆ ಕೋರ್ಸು ಶುರುವಾಗುವುದು ಆಗಸ್ಟ್ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲಿ ಡೆಂಗಿ ಏರುವುದೂ ಮಳೆಗಾಲದ ಅದೇ ತಿಂಗಳುಗಳಲ್ಲಿ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದೇ ಅಧಿಸೂಚನೆ ಹೊರಡಿಸಿತ್ತು. ವಿಮಾನ ಇಳಿದು ವಾರದಲ್ಲಿ ಜ್ವರ ಬಂದರೆ ಅಲ್ಲಿನ ಡಾಕ್ಟರ ತಲೆಗೆ ಮೊದಲು ಬರುವುದು ಫ್ಲೂ. ಡೆಂಗಿ, ಮಲೇರಿಯಾ, ಟೈಫಾಯ್ಡ್ ಹೆಸರನ್ನು ನೀವೇ ಎತ್ತಿ. ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಕಾಂಬಿಫ್ಲಾಮ್ ಕೂಡ ಅದರಲ್ಲಿ ಬಂತು.

ಒಂದು ನೋಟ್‌ಬುಕ್ ತೆರೆಯಿರಿ. ಸಮಯ, ಹೇಳಿದವರ ಹೆಸರು ಮತ್ತು ಹುದ್ದೆ, ಹೇಳಿದ್ದು. ಕೊಟ್ಟ ಔಷಧಿ, ಮಾಡಿದ ಪರೀಕ್ಷೆ. ಶಿಫ್ಟ್ ಬದಲಾದಾಗ ಹೊಸ ಡಾಕ್ಟರು ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ. ಬೆಂಗಳೂರಿಗೆ ಹೇಳುವಾಗಲೂ ಇದೇ ನೋಟ್‌ಬುಕ್ ನೋಡಿ ಹೇಳಿ.

ಸಂಬಂಧ ಏನೆಂದು ಕೇಳಿದರೆ ‘ಫ್ರೆಂಡ್’ ಎಂದೇ ಹೇಳಿ. ಒಳಗೆ ಬಿಡಲಿ ಎಂದು ‘ಕಸಿನ್ ಬ್ರದರ್’ ಅನ್ನುವ ನಮ್ಮ ಅಭ್ಯಾಸ ಅಲ್ಲಿ ದಾಖಲೆಗೆ ಹೋಗುತ್ತದೆ. ಅದನ್ನು ನಂಬಿ ಅರ್ಧರಾತ್ರಿ ಆಪರೇಷನ್ನಿಗೆ ನಿಮ್ಮ ಒಪ್ಪಿಗೆ ಕೇಳಿದರೆ ಏನು ಹೇಳುತ್ತೀರಿ? ಜೀವಕ್ಕೆ ಅಪಾಯವಿದ್ದು ಒಪ್ಪಿಗೆ ಕೊಡುವವರು ಯಾರೂ ಸಿಗದಿದ್ದರೆ ಡಾಕ್ಟರು ತಾವೇ ಮುಂದುವರಿಯುತ್ತಾರೆ.

ಗೆಳೆಯರಿಗೆ ಪ್ರಜ್ಞೆ ಇದ್ದರೆ, ಮೊದಲ ಅವಕಾಶದಲ್ಲೇ, ಯಾರ ಯಾರ ಜೊತೆ ತಮ್ಮ ಆರೋಗ್ಯದ ವಿಷಯ ಮಾತಾಡಬಹುದೆಂದು ಬರೆದು ಸಹಿ ಮಾಡಲಿ. ಅಮೆರಿಕದಲ್ಲಿ 1996ರ ಹಿಪಾ ಕಾಯ್ದೆ, ಬೇರೆ ದೇಶಗಳಲ್ಲಿ ಅಂಥದ್ದೇ ಗೋಪ್ಯತೆಯ ನಿಯಮ. 18 ದಾಟಿದವರ ಬಗ್ಗೆ ಹೆತ್ತವರು ಬೆಂಗಳೂರಿನಿಂದ ಫೋನ್ ಮಾಡಿದರೂ ಏನೂ ಹೇಳದೆ ಇರಬಹುದು. ಸಹಿ ಇದ್ದರೆ ಈ ಗೋಡೆ ಇಲ್ಲ. ಅಮ್ಮನಿಗೆ ಇಂಗ್ಲಿಷ್ ಕಷ್ಟವಾದರೆ ‘ಕನ್ನಡ ಇಂಟರ್‌ಪ್ರಿಟರ್’ ಬೇಕು ಎಂದು ಕೇಳಿ. ಅಮೆರಿಕ, ಬ್ರಿಟನ್ನಿನ ಆಸ್ಪತ್ರೆಗಳು ಫೋನಿನ ಮೂಲಕ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಹೀಗೆ ಕೇಳಬಹುದೆಂಬುದೇ ಬಹಳ ಜನಕ್ಕೆ ಗೊತ್ತಿಲ್ಲ.

## ಹಂತ 6: ಬೆಂಗಳೂರಿಗೆ ಫೋನ್

ಈಗ ಮನೆಗೆ. ಆಸ್ಪತ್ರೆ ಮುಟ್ಟಿ, ಡಾಕ್ಟರು ಒಮ್ಮೆ ನೋಡಿದ ಮೇಲೆ. ಹೇಳಲು ಏನೂ ಇಲ್ಲದಾಗ ಮಾಡಿದ ಕರೆ ಮನೆಯಲ್ಲಿ ಗೋಳನ್ನಷ್ಟೇ ಎಬ್ಬಿಸುತ್ತದೆ. ಹಾಗೆಂದು ‘ವರದಿ ಬರಲಿ’ ಎಂದು ಮರುದಿನದವರೆಗೆ ಎಳೆಯುವುದೂ ತಪ್ಪು. ಆಪರೇಷನ್ ಅಥವಾ ಐಸಿಯು ಮಾತು ಬಂದ ಕ್ಷಣ ಕರೆ ಹೋಗಬೇಕು. ಪ್ರಜ್ಞೆಯಲ್ಲಿದ್ದು ‘ಮನೆಗೆ ಹೇಳಬೇಡ’ ಅಂದರೆ ಆ ಮಾತು ಗೌರವಿಸಿ, ಅವರಿಂದಲೇ ಮಾತಾಡಿಸಲು ನೋಡಿ.

ಗಡಿಯಾರ ನೋಡಿ. ಬೇಸಿಗೆಯಲ್ಲಿ ಬಾಸ್ಟನ್ನಿನ ರಾತ್ರಿ ಹತ್ತು ಅಂದರೆ ಬೆಂಗಳೂರಿನಲ್ಲಿ ಬೆಳಿಗ್ಗೆ ಏಳೂವರೆ. ಬರ್ಲಿನ್ನಿನ ನಡುರಾತ್ರಿ ಅಂದರೆ ಇಲ್ಲಿ ಬೆಳಗಿನ ಮೂರೂವರೆ. ಆ ಹೊತ್ತಿನಲ್ಲಿ ಬಿಪಿ ಇರುವ, ಒಂಟಿಯಾಗಿರುವ ತಾಯಿಗೆ ನೇರ ಮಾಡುವ ಬದಲು ಹಾಳೆಯಲ್ಲಿರುವ ಎರಡನೆಯ ನಂಬರಿಗೆ ಮಾಡಿ, ಅವರು ಮನೆಗೆ ಹೋಗಿ ಕೂತ ಮೇಲೆ ಎಲ್ಲರ ಜೊತೆ ಮಾತಾಡಿ.

‘ಏನೂ ಆಗಿಲ್ಲ ಆಂಟಿ, ಗಾಬರಿ ಆಗಬೇಡಿ’ ಎಂದು ಶುರುಮಾಡಬೇಡಿ. ಈ ಮಾತು ಕೇಳಿದರೆ ಯಾವ ತಾಯಿಯೂ ನಂಬುವುದಿಲ್ಲ, ಮುಂದಿನದು ಕಿವಿಗೆ ಬೀಳುವುದಿಲ್ಲ. ಹೀಗಿರಲಿ:

‘ಅಂಕಲ್, ನಾನು ನಿಮ್ಮ ಮಗನ ರೂಮ್‌ಮೇಟ್. ಆಸ್ಪತ್ರೆಯಿಂದ ಮಾತಾಡ್ತಿದೀನಿ. ಒಂಬತ್ತು ಗಂಟೆಗೆ ಹೊಟ್ಟೆನೋವು ಬಂತು, ಆಂಬುಲೆನ್ಸಲ್ಲಿ ಕರ್ಕೊಂಡು ಬಂದ್ವಿ. ಈಗ ಪ್ರಜ್ಞೆ ಇದೆ, ಮಾತಾಡ್ತಿದಾನೆ. ಡಾಕ್ಟರು ಅಪೆಂಡಿಕ್ಸ್ ಇರಬಹುದು ಅಂತಿದಾರೆ, ಸ್ಕ್ಯಾನ್ ಆಗ್ತಿದೆ. ಸ್ಕ್ಯಾನ್ ಮುಗಿದ ತಕ್ಷಣ ನಾನೇ ಫೋನ್ ಮಾಡ್ತೀನಿ. ಅವನಿಗೆ ಯಾವುದಾದ್ರೂ ಔಷಧಿ ಆಗಲ್ವಾ? ಮುಂಚೆ ಆಪರೇಷನ್ ಏನಾದ್ರೂ ಆಗಿತ್ತಾ?’

ಯಾರು, ಎಲ್ಲಿ, ಏನಾಯಿತು, ಈಗ ಹೇಗಿದ್ದಾರೆ, ಮುಂದಿನ ಕರೆ ಯಾವಾಗ. ಕೊನೆಗೆ ಒಂದು ಪ್ರಶ್ನೆ. ಉತ್ತರ ಹುಡುಕುವ ಕೆಲಸ ಸಿಕ್ಕರೆ ಮನೆಯವರ ಕಾಲು ನೆಲಕ್ಕೆ ತಾಗುತ್ತದೆ. ಹೇಳಿದ ಹೊತ್ತಿಗೆ ಹೊಸ ಸುದ್ದಿ ಇಲ್ಲದಿದ್ದರೂ ಫೋನ್ ಮಾಡಿ.

ಆಮೇಲೆ ನೆಂಟರು. ಪ್ರತಿ ಮನೆತನದಲ್ಲೂ ಒಬ್ಬ ಡಾಕ್ಟರು ಇದ್ದೇ ಇರುತ್ತಾರೆ, ‘ಅಲ್ಲಿಯ ಡಾಕ್ಟರಿಗೆ ಫೋನ್ ಕೊಡಪ್ಪ’ ಅನ್ನುತ್ತಾರೆ. ಮನೆಯ ಕಡೆಯಿಂದ ಮಾತಾಡಲು ಒಬ್ಬರನ್ನೇ ಆರಿಸಲು ಕೇಳಿ. ಎಲ್ಲರ ಪ್ರಶ್ನೆಗಳು ಅವರ ಮೂಲಕ ಬರೆದು ಬರಲಿ, ಬೆಳಗಿನ ರೌಂಡ್ಸ್ ಹೊತ್ತಿನಲ್ಲಿ ನೀವು ಓದಿ ಕೇಳಿ. ಆಸ್ಪತ್ರೆಯ ಹಾಸಿಗೆಯ ಫೋಟೊ ಯಾವ ಗ್ರೂಪಿಗೂ ಹೋಗಬಾರದು, ‘ಬರೀ ಫ್ಯಾಮಿಲಿ ಗ್ರೂಪ್’ ಅಂದರೂ ಸರಿ.

## ಹಂತ 7: ಹಣ, ವಿಮೆ, ಸಹಿ

ದಾಖಲಾದ ಕೂಡಲೇ ವಿಮೆಯವರಿಗೆ ತಿಳಿಸಿ ಕ್ಲೇಮ್ ಸಂಖ್ಯೆ ಪಡೆಯಿರಿ. ಭಾರತದಲ್ಲೇ ಕೊಂಡ ಸ್ಟೂಡೆಂಟ್ ಟ್ರಾವೆಲ್ ಪಾಲಿಸಿಯಾದರೆ ತಿಳಿಸಲು ಗಡುವು ಇರುತ್ತದೆ. ಆ ಕೆಲಸವನ್ನು ಬೆಂಗಳೂರಿನ ಮನೆಯವರಿಗೆ ವಹಿಸಿ, ಪಾಲಿಸಿಯ ಕಾಗದ ಬಹುಶಃ ಅಪ್ಪನ ಇಮೇಲಿನಲ್ಲೇ ಇರುತ್ತದೆ.

‘ಗ್ಯಾರಂಟರ್’, ‘ಫೈನಾನ್ಷಿಯಲ್ ರೆಸ್ಪಾನ್ಸಿಬಿಲಿಟಿ’ ಎಂದಿರುವ ಕಾಗದಕ್ಕೆ ಸಹಿ ಹಾಕಬೇಡಿ, ನಿಮ್ಮ ಕಾರ್ಡ್ ಕೊಡಬೇಡಿ. ಗೆಳೆತನಕ್ಕೆ ಇದರಿಂದ ಕುಂದಿಲ್ಲ. ಅಮೆರಿಕದಲ್ಲಿ 1986ರ ಎಂಟಾಲಾ ಕಾನೂನಿನ ಪ್ರಕಾರ ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಹಣ ಪಡೆಯುವ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗ ಹಣ ಇದೆಯೋ ಇಲ್ಲವೋ ನೋಡದೆ ತಪಾಸಣೆ ಮಾಡಿ, ಸ್ಥಿತಿ ಸ್ಥಿರಗೊಳಿಸಲೇಬೇಕು. ಬ್ರಿಟನ್ನಿನಲ್ಲಿ ವೀಸಾ ಜೊತೆಗೇ ಹೆಲ್ತ್ ಸರ್ಚಾರ್ಜ್ ಕಟ್ಟಿರುತ್ತೀರಿ. ಜರ್ಮನಿಯಲ್ಲಿ ಸರ್ಕಾರಿ ವಿಮೆ ಇದ್ದವರಿಗೆ ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೊ, ಅದೂ ವರ್ಷಕ್ಕೆ 28 ದಿನದ ಮಟ್ಟಿಗೆ. ಆಸ್ಟ್ರೇಲಿಯದ ಸ್ಟೂಡೆಂಟ್ ವೀಸಾಗೆ ವಿದೇಶಿ ವಿದ್ಯಾರ್ಥಿಗಳ ಆರೋಗ್ಯ ವಿಮೆ (ಓಎಸ್‌ಎಚ್‌ಸಿ) ಕಡ್ಡಾಯ, ಆದರೆ ಹಳೆಯ ಕಾಯಿಲೆಗೆ 12 ತಿಂಗಳ ಕಾಯುವ ಅವಧಿ ಇರಬಹುದು.

ಬೆಂಗಳೂರಿನಿಂದ ಹಣ ಕಳಿಸಬೇಕಾದರೆ ಹೊರದೇಶಕ್ಕೆ ಹಣ ಕಳಿಸಲು ಆರ್‌ಬಿಐ ಮಾಡಿರುವ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬರು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ಬ್ಯಾಂಕಿನಲ್ಲಿ ಪ್ಯಾನ್ ಮತ್ತು ಹಣ ಯಾತಕ್ಕೆ ಎಂದು ಬರೆದುಕೊಡುವ ಎ2 ಫಾರ್ಮ್ ಬೇಕು. ಶನಿವಾರ ಸಂಜೆ ನೆನಪಾದರೆ ಸೋಮವಾರದವರೆಗೆ ಕಾಯಬೇಕು. ಆನ್‌ಲೈನ್ ಚಂದಾ ಎತ್ತುವ ಆತುರ ಬೇಡ. ವಿಮೆ ಎಷ್ಟು ಭರಿಸುತ್ತದೆಂದು ತಿಳಿಯುವ ಮುನ್ನ, ಮನೆಯವರ ಒಪ್ಪಿಗೆ ಇಲ್ಲದೆ ಹೆಸರು, ಕಾಯಿಲೆ, ಫೋಟೊ ಹರಡಿದರೆ ವಾಪಸ್ ತೆಗೆಯಲಾಗದು.

## ಹಂತ 8: ಯೂನಿವರ್ಸಿಟಿ, ದೂತಾವಾಸ, ಮನೆಯವರ ಪ್ರಯಾಣ

ಮರುದಿನ ಬೆಳಿಗ್ಗೆ ಇಂಟರ್‌ನ್ಯಾಷನಲ್ ಆಫೀಸಿಗೆ ಇಮೇಲ್. ಕಾಯಿಲೆಯ ವಿವರ ಬೇಡ, ‘ಆಸ್ಪತ್ರೆಯಲ್ಲಿ ದಾಖಲಾಗಿದ್ದಾರೆ’ ಸಾಕು. ಅಮೆರಿಕದ ಎಫ್-1 (ವಿದ್ಯಾರ್ಥಿ) ವೀಸಾದಲ್ಲಿರುವವರು ಅನಾರೋಗ್ಯಕ್ಕೆ ಕೋರ್ಸಿನ ಕ್ರೆಡಿಟ್ ಕಡಿಮೆ ಮಾಡಿಕೊಳ್ಳಬಹುದು, ಒಂದು ಪದವಿಗೆ ಒಟ್ಟು 12 ತಿಂಗಳವರೆಗೆ. ಆದರೆ ಯೂನಿವರ್ಸಿಟಿಯಲ್ಲಿ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿಯ (ಡಿಎಸ್‌ಓ) ಒಪ್ಪಿಗೆ ಮೊದಲು, ಕೋರ್ಸ್ ಬಿಡುವುದು ಆಮೇಲೆ. ಹಿಂದುಮುಂದಾದರೆ ವೀಸಾ ಸ್ಥಿತಿಗೇ ಧಕ್ಕೆ. ಜರ್ಮನಿಯಲ್ಲಿ ಪರೀಕ್ಷೆ ತಪ್ಪಿದರೆ ಡಾಕ್ಟರ ಸರ್ಟಿಫಿಕೇಟು ತಡಮಾಡದೆ ಪರೀಕ್ಷಾ ಕಚೇರಿಗೆ ಹೋಗಬೇಕು.

ಭಾರತೀಯ ದೂತಾವಾಸದಿಂದ ಮನೆಯವರ ಸಂಪರ್ಕ, ದಾಖಲೆ, ಕಳೆದ ಪಾಸ್‌ಪೋರ್ಟ್ ಇಂಥದ್ದಕ್ಕೆ ನೆರವು ಸಿಗುತ್ತದೆ. ಆಸ್ಪತ್ರೆ ಬಿಲ್ಲು ಅವರು ಕಟ್ಟುತ್ತಾರೆಂದು ಕಾಯಬೇಡಿ. ತೀರಾ ಸಂಕಷ್ಟದಲ್ಲಿರುವವರಿಗೆ ಸಮುದಾಯ ಕಲ್ಯಾಣ ನಿಧಿ ಇದೆ, ಪರಿಶೀಲಿಸಿ ಕೊಡುತ್ತಾರೆ. ಉತ್ತರ ಬರದಿದ್ದರೆ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲಿನಲ್ಲಿ ಮನೆಯವರೂ ದೂರು ದಾಖಲಿಸಬಹುದು.

ಯಾರಾದರೂ ಹೊರಡಬೇಕೆಂದಾದರೆ ಪಾಸ್‌ಪೋರ್ಟ್ ಚಾಲ್ತಿಯಲ್ಲಿ ಇರುವವರು ಮೊದಲು ಹೊರಡಲಿ, ಅದು ಅಪ್ಪನೇ ಆಗಬೇಕೆಂದಿಲ್ಲ. ಇಲ್ಲದವರಿಗೆ ಬೆಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ತತ್ಕಾಲ್ ಇದೆ. ವೀಸಾಗೆ ಆಸ್ಪತ್ರೆಯ ಪತ್ರ ಬೇಕು: ಲೆಟರ್‌ಹೆಡ್, ರೋಗಿಯ ಪಾಸ್‌ಪೋರ್ಟ್ ಹೆಸರು, ಸ್ಥಿತಿ, ಬರುವವರ ಹೆಸರು, ಡಾಕ್ಟರ ಸಹಿ ಮತ್ತು ಫೋನು. ಈ ಪತ್ರ ತೆಗೆದುಕೊಳ್ಳುವುದು ನಿಮ್ಮ ಕೆಲಸ. ಅಮೆರಿಕಕ್ಕಾದರೆ ಡಿಎಸ್-160 ಎಂಬ ವೀಸಾ ಅರ್ಜಿ ತುಂಬಿ, ಶುಲ್ಕ ಕಟ್ಟಿ, ಸಿಕ್ಕಿದ ಸಾಮಾನ್ಯ ದಿನಾಂಕ ಹಿಡಿದುಕೊಂಡು, ಆಮೇಲೆ ತುರ್ತು ಸಂದರ್ಶನಕ್ಕೆ ಅರ್ಜಿ.

## ಮನಸ್ಸಿನ ತುರ್ತಿಗೂ ಇದೇ ಕ್ರಮ

ಸಾಯುವ ಮಾತು, ವಸ್ತುಗಳನ್ನು ಹಂಚಿಬಿಡುವುದು, ಬೀಳ್ಕೊಡುವಂಥ ಮೆಸೇಜುಗಳು ಕಂಡರೆ ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ. ಅಮೆರಿಕ, ಕೆನಡಾದಲ್ಲಿ ಸಹಾಯವಾಣಿ 988. ಇಂಗ್ಲೆಂಡಿನಲ್ಲಿ 111ಕ್ಕೆ ಮಾಡಿ ಮಾನಸಿಕ ಆರೋಗ್ಯದ ಆಯ್ಕೆ ಒತ್ತಿ. ಆಸ್ಟ್ರೇಲಿಯದಲ್ಲಿ 13 11 14. ಏನಾದರೂ ನುಂಗಿದ್ದರೆ, ಗಾಯ ಮಾಡಿಕೊಂಡಿದ್ದರೆ ಹಂತ 1ಕ್ಕೆ ಹೋಗಿ. ಗುಟ್ಟಾಗಿ ಇಡುತ್ತೇನೆಂದು ಮಾತು ಕೊಡಬೇಡಿ. ಬೆಂಗಳೂರಿನಲ್ಲಿರುವ ಹೆತ್ತವರು ಕುಸಿದಿದ್ದರೆ ಅವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

## ಹಂತ 9: ಡಿಸ್ಚಾರ್ಜ್ ಮತ್ತು ಆಮೇಲಿನ ತಿಂಗಳುಗಳು

ಹೊರಡುವ ಮುನ್ನ ಡಿಸ್ಚಾರ್ಜ್ ಸಮ್ಮರಿ, ರಕ್ತ ಪರೀಕ್ಷೆಗಳ ವರದಿ, ಸ್ಕ್ಯಾನಿನ ಚಿತ್ರಗಳ ಸಿಡಿ ಅಥವಾ ಲಿಂಕ್ ಕೇಳಿ ಪಡೆಯಿರಿ. ಬರೀ ವರದಿಯ ಕಾಗದ ತಂದರೆ ನಿಮ್ಹಾನ್ಸಿನಲ್ಲೋ ಜಯದೇವದಲ್ಲೋ ಚಿತ್ರ ಎಲ್ಲಿ ಎಂದು ಕೇಳುತ್ತಾರೆ. ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕೆಂದು ಬರೆಸಿಕೊಳ್ಳಿ. ಮೊದಲ ರಾತ್ರಿ ಒಬ್ಬರು ಜೊತೆಯಲ್ಲಿರಲಿ, ತಲೆಗೆ ಪೆಟ್ಟಾದವರ ಜೊತೆ ಎರಡು ದಿನ. ಪಾಳಿ ಹಾಕಿಕೊಳ್ಳಿ, ಒಬ್ಬರೇ ಎಲ್ಲ ಹೊತ್ತುಕೊಂಡರೆ ಅವರ ಪರೀಕ್ಷೆ ಹೋಗುತ್ತದೆ.

ಊರಿಗೆ ಕರೆದೊಯ್ಯುವುದಾದರೆ ಟಿಕೆಟ್ಟಿಗಿಂತ ಮೊದಲು ‘ಫಿಟ್ ಟು ಫ್ಲೈ’ ಪತ್ರ. ಈಚೆಗೆ ಆಪರೇಷನ್ ಆದವರಿಗೆ, ಆಕ್ಸಿಜನ್ ಅಥವಾ ಸ್ಟ್ರೆಚರ್ ಬೇಕಾದವರಿಗೆ ವಿಮಾನ ಸಂಸ್ಥೆಯ ‘ಮೆಡಿಫ್’ ಫಾರ್ಮನ್ನು ಡಾಕ್ಟರು ತುಂಬಬೇಕು, ಸಂಸ್ಥೆ ಒಪ್ಪಬೇಕು. ಎರಡು ಕಡೆ ವಿಮಾನ ಬದಲಿಸುವ ಅಗ್ಗದ ಟಿಕೆಟ್ಟಿಗಿಂತ ಬೆಂಗಳೂರಿಗೆ ನೇರ ಬರುವ ವಿಮಾನ ಮೇಲು.

ಅಮೆರಿಕದಲ್ಲಿ ಬಿಲ್ಲು ಒಂದೇ ಸಲ ಬರುವುದಿಲ್ಲ. ಆಸ್ಪತ್ರೆಯದ್ದು, ಎಮರ್ಜೆನ್ಸಿ ಡಾಕ್ಟರದ್ದು, ಸ್ಕ್ಯಾನ್ ಓದಿದವರದ್ದು, ಲ್ಯಾಬಿನದ್ದು, ಆಂಬುಲೆನ್ಸಿನದ್ದು ಬೇರೆ ಬೇರೆ, ವಾರಗಳ ಅಂತರದಲ್ಲಿ. ವಿಮೆಯವರು ಕಳಿಸುವ ‘ಎಕ್ಸ್‌ಪ್ಲನೇಶನ್ ಆಫ್ ಬೆನಿಫಿಟ್ಸ್’ ಬಿಲ್ಲಲ್ಲ, ಅದನ್ನು ನೋಡಿ ಹಣ ಕಟ್ಟಬೇಡಿ. ಪ್ರತಿ ಬಿಲ್ಲಿಗೂ ವಿವರಪಟ್ಟಿ ಕೇಳಿ, ಎರಡು ಸಲ ಹಾಕಿರುವ ಸಾಲುಗಳು ಸಿಗುತ್ತವೆ. ಲಾಭರಹಿತ ಆಸ್ಪತ್ರೆಯಾದರೆ ಆರ್ಥಿಕ ನೆರವಿನ ಅರ್ಜಿ ಇರುತ್ತದೆ. ಡಿಸ್ಚಾರ್ಜ್ ನಂತರದ ಮೊದಲ ಬಿಲ್ಲಿನಿಂದ 240 ದಿನದೊಳಗೆ ಕೊಟ್ಟ ಅರ್ಜಿಯನ್ನು ಅವರು ಪರಿಗಣಿಸಬೇಕು. ವಿದ್ಯಾರ್ಥಿಯ ಆದಾಯಕ್ಕೆ ಬಿಲ್ಲು ಗಣನೀಯವಾಗಿ ಇಳಿದೀತು. ಗೆಳೆಯರು ಅಷ್ಟರಲ್ಲಿ ಬೆಂಗಳೂರಿಗೆ ಮರಳಿದ್ದರೆ ಈ ಕವರುಗಳೆಲ್ಲ ಹಳೆಯ ರೂಮಿನ ಅಂಚೆಪೆಟ್ಟಿಗೆಗೇ ಬೀಳುತ್ತವೆ. ಹೊರಡುವ ಮುನ್ನ ಆಸ್ಪತ್ರೆಗೂ ವಿಮೆಗೂ ವಿಳಾಸ ಮತ್ತು ಇಮೇಲ್ ಬದಲಿಸಿ, ಅಲ್ಲಿ ಉಳಿದವರೊಬ್ಬರಿಗೆ ಕವರು ತೆರೆದು ಫೋಟೊ ಕಳಿಸಲು ಬರಹದಲ್ಲಿ ಒಪ್ಪಿಗೆ ಕೊಡಲಿ.